ಮನೆಯಲ್ಲೇ ಬಾಯಿಯನ್ನು ಪರೀಕ್ಷಿಸಿಕೊಳ್ಳುವುದು ಹೇಗೆ?

ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. 35 ವರ್ಷ ದಾಟಿದ ಸುಮಾರು 1.9 ಲಕ್ಷ ಜನರನ್ನು ಒಳಗೊಂಡಿದ್ದ ಆ ಅಧ್ಯಯನದಲ್ಲಿ, ಏಳು ಪಂಚಾಯಿತಿಗಳ ಮನೆಗಳಿಗೆ ತರಬೇತಿ ಪಡೆದ ಕಾರ್ಯಕರ್ತರು ಹೋಗಿ, ಜನರ ಬಾಯಿ ತೆರೆಸಿ, ಬೆಳಕು ಹಿಡಿದು ನೋಡಿದರು. ಸ್ಕ್ಯಾನ್ ಇರಲಿಲ್ಲ, ರಕ್ತಪರೀಕ್ಷೆಯೂ ಇರಲಿಲ್ಲ. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್‌ನಿಂದಾಗುವ ಸಾವು, ಹೀಗೆ ನೋಡಿದ ಪಂಚಾಯಿತಿಗಳಲ್ಲಿ ಉಳಿದವಕ್ಕಿಂತ ಶೇ 34ರಷ್ಟು ಕಡಿಮೆಯಾಗಿತ್ತು ಎಂಬುದು 2005ರಲ್ಲಿ ಪ್ರಕಟವಾದ ಫಲಿತಾಂಶದಿಂದ ತಿಳಿಯಿತು.

ಮೇದೋಜೀರಕದಲ್ಲೋ ಶ್ವಾಸಕೋಶದಲ್ಲೋ ಹುಟ್ಟುವ ಗಂಟು ಕಣ್ಣಿಗೆ ಕಾಣುವುದಿಲ್ಲ. ಬಾಯಿ ಹಾಗಲ್ಲ. ಇಲ್ಲಿನ ಕ್ಯಾನ್ಸರ್ ಅನೇಕ ಬಾರಿ ವರ್ಷಗಟ್ಟಲೆ ಮೊದಲೇ ಬಿಳಿ ಮಚ್ಚೆಯಾಗಿ, ಕೆಂಪು ಕಲೆಯಾಗಿ, ಮಾಯದ ಹುಣ್ಣಾಗಿ ತೋರಿಸಿಕೊಳ್ಳುತ್ತದೆ. ಆದರೂ ನಮ್ಮಲ್ಲಿ ಬಹಳಷ್ಟು ಮಂದಿ ನೋವು ತಡೆಯಲಾರದೆ, ದವಡೆ ಊದಿದ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಮಂದಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ತಗಲುತ್ತಿರುವಾಗ, ತಿಂಗಳಿಗೊಮ್ಮೆ ಐದು ನಿಮಿಷ ಕನ್ನಡಿಯ ಮುಂದೆ ನಿಲ್ಲುವುದನ್ನು ನಾವು ಮನೆಯ ರೂಢಿಯನ್ನಾಗಿ ಮಾಡಿಕೊಳ್ಳಲೇಬೇಕು.

ಹಲ್ಲು ಸ್ವಚ್ಛವಾಗಿದ್ದರೆ ಕ್ಯಾನ್ಸರ್ ಬರುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ವಸಡಿನ ಕಾಯಿಲೆ ಇರುವವರಲ್ಲಿ, ಹಲ್ಲುಗಳನ್ನು ಕಳೆದುಕೊಂಡವರಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿರುವುದು ನಿಜ. ದೀರ್ಘಕಾಲದ ಉರಿಯೂತ ಇದಕ್ಕೆ ಒಂದು ಕಾರಣವಿರಬಹುದು. ಮದ್ಯ ಕುಡಿದಾಗ ಬಾಯಿಯ ಬ್ಯಾಕ್ಟೀರಿಯಾಗಳು ಅದನ್ನು ಅಸಿಟಾಲ್ಡಿಹೈಡ್ ಎಂಬ ಕ್ಯಾನ್ಸರ್‌ಕಾರಕವಾಗಿ ಬದಲಿಸುತ್ತವೆ. ಬಾಯಿ ಕೊಳಕಾಗಿದ್ದಷ್ಟೂ ಅದರ ಪ್ರಮಾಣ ಹೆಚ್ಚು. ಆದರೆ ತಂಬಾಕು ಮತ್ತು ಅಡಿಕೆ ಮಾಡುವ ಹಾನಿಯ ಮುಂದೆ ಇದು ಸಣ್ಣ ಪಾಲು. ದಿನಕ್ಕೆರಡು ಬಾರಿ ಹಲ್ಲುಜ್ಜುವುದು ವಸಡಿಗೆ ಅತ್ಯಗತ್ಯ, ಆದರೆ ಅದು ಗುಟ್ಕಾದ ದೋಷವನ್ನು ತೊಳೆದುಬಿಡುವುದಿಲ್ಲ.

ಅಡಿಕೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಡ್ಡಿಪುಡಿಯಾಗಲಿ ಹೊಗೆಸೊಪ್ಪಾಗಲಿ ಸೇರಿಸದೆ ಬರೀ ಎಲೆಅಡಿಕೆ ಹಾಕಿದರೆ ಏನೂ ಆಗದು ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕಿಲ್ಲದ ಅಡಿಕೆಯನ್ನೂ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯಲ್ಲಿರುವ ಅರೆಕೊಲಿನ್ ಮೊದಲಾದ ಅಂಶಗಳು ಕೆನ್ನೆಯ ಒಳಪದರದ ಕೆಳಗೆ ನಾರಿನಂತಹ ಅಂಗಾಂಶವನ್ನು ಬೆಳೆಸುತ್ತವೆ. ಬಾಯಿ ಬಿಳಿಚಿಕೊಳ್ಳುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಈ ಸ್ಥಿತಿಯಿಂದ ಕೆಲವರಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಅಡಿಕೆಯನ್ನೇ ನಂಬಿ ಬದುಕುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದನ್ನು ಹೇಳುವುದು ನೋವಿನ ಕೆಲಸ. ಹಾಗೆಂದು ಮುಚ್ಚಿಟ್ಟರೆ ಆ ಮನೆಯವರಿಗೇ ಅನ್ಯಾಯ ಮಾಡಿದಂತಾಗುತ್ತದೆ.

ಇನ್ನು ಪರೀಕ್ಷೆಯ ವಿಧಾನ. ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಮೇಲೆ ಇದಕ್ಕೆ ಒಳ್ಳೆಯ ಸಮಯ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು ಗೋಡೆಗನ್ನಡಿಯ ಮುಂದೆ ನಿಲ್ಲಿ. ಮೊಬೈಲ್ ಫೋನಿನ ಟಾರ್ಚ್ ಸಾಕು, ಆದರೆ ಅದನ್ನು ಹಿಡಿಯಲು ಮನೆಯವರೊಬ್ಬರು ಜೊತೆಗಿದ್ದರೆ ನಿಮ್ಮ ಎರಡೂ ಕೈಗಳು ಬಿಡುವಾಗಿರುತ್ತವೆ.

ಮೊದಲು ಮುಖ ಮತ್ತು ಕುತ್ತಿಗೆ. ಎರಡೂ ಕಡೆ ಒಂದೇ ರೀತಿ ಇದೆಯೇ ಎಂದು ನೋಡಿ, ದವಡೆಯ ಅಡಿಯಿಂದ ಕುತ್ತಿಗೆಯ ಪಕ್ಕದವರೆಗೆ ಬೆರಳುಗಳನ್ನು ಮೆಲ್ಲಗೆ ಒತ್ತುತ್ತಾ ಬನ್ನಿ. ನೋವಿಲ್ಲದ, ಗಟ್ಟಿಯಾದ, ಕರಗದ ಗಂಟು ಸಿಕ್ಕಿದರೆ ಅದನ್ನು ನೆನಪಿಟ್ಟುಕೊಳ್ಳಿ.

ನಂತರ ತುಟಿಗಳನ್ನು ಮಗುಚಿ ಒಳಬದಿಯನ್ನೂ ಮುಂದಿನ ವಸಡನ್ನೂ ನೋಡಿ. ಮೂರನೆಯದಾಗಿ ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆ ಎಳೆದು, ಕೊನೆಯ ದವಡೆಹಲ್ಲಿನ ಹಿಂದಿನವರೆಗೆ ಬೆಳಕು ಬಿಡಿ. ಇಲ್ಲಿ ಅವಸರ ಬೇಡ. ಕೆನ್ನೆ ಮತ್ತು ವಸಡು ಕೂಡುವ ಸಂದಿಯಲ್ಲಿಯೇ ನಮ್ಮವರು ಕವಳವನ್ನು, ಗುಟ್ಕಾವನ್ನು ಗಂಟೆಗಟ್ಟಲೆ ಒತ್ತರಿಸಿಟ್ಟುಕೊಳ್ಳುವುದು. ಭಾರತದಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೂ ಇದೇ ಜಾಗದಲ್ಲಿ. ನಿಮಗೆ ಅಭ್ಯಾಸವಿದ್ದರೆ ಯಾವ ಕಡೆ ಇಟ್ಟುಕೊಳ್ಳುತ್ತೀರೋ ಆ ಕಡೆಯನ್ನು ಎರಡು ಬಾರಿ ನೋಡಿ. ಹಲ್ಲಿಗೆ ನಶ್ಯ ತಿಕ್ಕುವವರು ವಸಡಿನ ಉದ್ದಕ್ಕೂ ನೋಡಬೇಕು.

ನಾಲ್ಕನೆಯದು ನಾಲಿಗೆ. ಹೊರಚಾಚಿ ಮೇಲ್ಭಾಗ ನೋಡಿದರೆ ಸಾಲದು. ಸ್ವಚ್ಛ ಬಟ್ಟೆಯ ತುಂಡಿನಿಂದ ತುದಿಯನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದು ಎರಡೂ ಅಂಚುಗಳನ್ನು ಹಿಂದಿನವರೆಗೆ ನೋಡಬೇಕು. ಮುರಿದ ಹಲ್ಲಿನ ಚೂಪು ತಾಗಿ ಪದೇಪದೇ ಗಾಯವಾಗುವುದು ಈ ಅಂಚಿನಲ್ಲೇ. ಆಮೇಲೆ ನಾಲಿಗೆಯನ್ನು ಅಂಗುಳಕ್ಕೆ ಮುಟ್ಟಿಸಿ ಅದರ ಅಡಿಯನ್ನು, ತಲೆ ಹಿಂದಕ್ಕೆ ಬಾಗಿಸಿ ಅಂಗುಳವನ್ನು, ಕೊನೆಗೆ ‘ಆ’ ಎನ್ನುತ್ತಾ ಗಂಟಲ ಬಾಗಿಲನ್ನು ನೋಡಿ.

ಐದನೆಯದಾಗಿ ನಿಮ್ಮ ತೋರು, ನಡು, ಉಂಗುರದ ಬೆರಳುಗಳನ್ನು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ನೇರವಾಗಿ ನಿಲ್ಲಿಸಿ. ಸಾಮಾನ್ಯವಾಗಿ ಮೂರೂ ಬೆರಳು ಹಿಡಿಸುತ್ತವೆ. ಎರಡೇ ಹಿಡಿಸಿದರೆ, ಅಥವಾ ಕಳೆದ ತಿಂಗಳಿಗಿಂತ ಬಿಗಿಯೆನಿಸಿದರೆ, ಅದನ್ನು ಅಡಿಕೆಯ ಎಚ್ಚರಿಕೆಯೆಂದೇ ತಿಳಿದು ವೈದ್ಯರ ಬಳಿಗೆ ಹೋಗಬೇಕು.

ಮೊದಲ ಸಲ ನೋಡಿಕೊಂಡವರು ಬೆಚ್ಚಿಬೀಳುವುದು ಸಹಜ, ಏಕೆಂದರೆ ಬಾಯಿಯಲ್ಲಿ ಇಷ್ಟೆಲ್ಲ ಇದೆಯೆಂದು ನಮಗೆ ಗೊತ್ತಿರುವುದಿಲ್ಲ. ನಾಲಿಗೆಯ ಹಿಂಬದಿಯಲ್ಲಿ ಸಾಲಾಗಿರುವ ದಪ್ಪ ಗುಳ್ಳೆಗಳು ರುಚಿಮೊಗ್ಗುಗಳ ನೆಲೆ. ತುಟಿ ಮತ್ತು ಕೆನ್ನೆಯ ಒಳಗಿನ ರಾಗಿಕಾಳಿನಂತಹ ಹಳದಿ ಚುಕ್ಕೆಗಳು ಎಣ್ಣೆಗ್ರಂಥಿಗಳು. ಹಲ್ಲುಗಳು ಕೂಡುವ ಮಟ್ಟದಲ್ಲಿ ಕೆನ್ನೆಯ ಮೇಲಿರುವ ತೆಳು ಬಿಳಿ ಗೆರೆ ಕಚ್ಚಿನ ಗುರುತು. ಅಂಗುಳದ ನಡುವೆ ಕೆಲವರಿಗಿರುವ ಕಲ್ಲಿನಂತಹ ಉಬ್ಬು ಬರೀ ಎಲುಬು. ಎರಡು ಮೂರು ತಿಂಗಳು ನೋಡಿದರೆ ನಿಮ್ಮ ಬಾಯಿ ನಿಮಗೆ ಪರಿಚಯವಾಗುತ್ತದೆ, ಹೊಸದಾಗಿ ಬಂದದ್ದು ಆಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂತಹ ಕೆಂಪು ಕಲೆ, ಅಂಚು ಗಟ್ಟಿಯಾದ ಹುಣ್ಣು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಮರಗಟ್ಟಿದ ಭಾಗ, ರಕ್ತ ಒಸರುವ ಜಾಗ ಇವನ್ನು ಬಿಡಬಾರದು. ಇವುಗಳಲ್ಲಿ ಕೆಂಪು ಕಲೆ ಬಿಳಿಯದಕ್ಕಿಂತ ಹೆಚ್ಚು ಅಪಾಯಕಾರಿ. ಸಾಮಾನ್ಯ ಬಾಯಿಹುಣ್ಣು ಎರಡು ವಾರದೊಳಗೆ ಮಾಯುತ್ತದೆ. ಆದ್ದರಿಂದ ಹುಣ್ಣು ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಎರಡು ವಾರವಾದರೂ ಉಳಿದರೆ, ಬಿ ಕಾಂಪ್ಲೆಕ್ಸ್ ಮಾತ್ರೆ, ಮುಲಾಮುಗಳಲ್ಲಿ ಇನ್ನಷ್ಟು ದಿನ ಕಳೆಯದೆ ದಂತವೈದ್ಯರನ್ನೋ ಕಿವಿ-ಮೂಗು-ಗಂಟಲು ತಜ್ಞರನ್ನೋ ಕಾಣಿ. ನೋವಿಲ್ಲವೆಂಬುದು ಸಮಾಧಾನದ ಕಾರಣವಲ್ಲ. ಆರಂಭದ ಹಂತದಲ್ಲಿ ನೋವು ಇರದಿರುವುದೇ ಹೆಚ್ಚು.

ವೈದ್ಯರು ಬಯಾಪ್ಸಿ ಮಾಡಬೇಕು ಎಂದಾಗ, ಕತ್ತರಿ ತಾಗಿಸಿದರೆ ರೋಗ ಹರಡುತ್ತದೆ ಎಂಬ ಭಯದಿಂದ ಎಷ್ಟೋ ಮಂದಿ ಎದ್ದು ಬರುತ್ತಾರೆ. ಈ ಭಯಕ್ಕೆ ಆಧಾರವಿಲ್ಲ, ಆದರೆ ಅದರಿಂದಾಗುವ ವಿಳಂಬ ಜೀವವನ್ನೇ ಕಸಿಯಬಲ್ಲದು. ಆ ಜಾಗವನ್ನು ಮರಗಟ್ಟಿಸಿ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ, ಕಲೆ ಯಾವುದೆಂದು ಎಂಥ ಅನುಭವಿಯೂ ಖಚಿತವಾಗಿ ಹೇಳಲಾರರು. ಕನ್ನಡಿಯ ಪರೀಕ್ಷೆ ವೈದ್ಯರ ಪರೀಕ್ಷೆಗೆ ಬದಲಿಯೂ ಅಲ್ಲ. 30 ವರ್ಷ ದಾಟಿದವರ ಬಾಯಿಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮವಿದೆ, ಅದನ್ನು ಕೇಳಿ ಪಡೆಯಿರಿ. ತಂಬಾಕು ಬಿಡಲು ನೆರವು ಬೇಕಿದ್ದರೆ 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಮನೆಯಲ್ಲಿ ಹಿರಿಯರಿದ್ದರೆ ಅವರ ಬಾಯಿಯನ್ನು ನೀವೇ ನೋಡಿ. ಹಲ್ಲೆಲ್ಲ ಬಿದ್ದುಹೋದ ಅಜ್ಜಿ ದಂತವೈದ್ಯರ ಬಳಿ ಹೋಗುವ ಪ್ರಶ್ನೆಯೇ ಇಲ್ಲವೆಂದು ಎಲ್ಲರೂ ಅಂದುಕೊಂಡಿರುತ್ತಾರೆ, ಕುಟ್ಟಿದ ಎಲೆಅಡಿಕೆ ಮಾತ್ರ ಆಕೆಯ ವಸಡಿನ ಮೇಲೆ ದಿನವಿಡೀ ಕೂತಿರುತ್ತದೆ. ಹಲ್ಲಿನ ಸೆಟ್ ಸಡಿಲವಾಗಿ ಒಂದೇ ಜಾಗ ಉಜ್ಜುತ್ತಿದ್ದರೆ ಅದನ್ನು ಸರಿಪಡಿಸಿಕೊಡಿ, ರಾತ್ರಿ ತೆಗೆದು ನೀರಿನಲ್ಲಿಡಲು ಹೇಳಿ. ‘ಬಾಯಿ ತೆಗಿ ಅಜ್ಜಿ, ಒಂದು ಸಲ ನೋಡ್ತೀನಿ’ ಎಂದು ಟಾರ್ಚ್ ಹಿಡಿದು ಕೂರಲು ಮೊಮ್ಮಗಳಿಗಿಂತ ತಕ್ಕವರು ಬೇರೆ ಇಲ್ಲ.