ವಿಂಡೋಸ್ 98ರ ಪರದೆಗೆ ಕಾವಿ ಕಲೆಯ ಮೆರುಗು: ನನ್ನ ಅನುಭವ

ಶಿರಸಿಯ ನನ್ನ ಡಿಟಿಪಿ (ಅಕ್ಷರ ಜೋಡಣೆಯ) ಅಂಗಡಿಯಲ್ಲಿ ಸೆಲೆರಾನ್ 433 ಪ್ರೊಸೆಸರಿನ ಹಳೆಯ ಕಂಪ್ಯೂಟರೊಂದು ವಿಂಡೋಸ್ 98 ಎರಡನೇ ಆವೃತ್ತಿಯೊಂದಿಗೆ ಇಂದಿಗೂ ಕೆಲಸ ಮಾಡುತ್ತಿದೆ. ಹಳೆಯ ಲಗ್ನಪತ್ರಿಕೆಗಳ ಪೇಜ್‌ಮೇಕರ್ (ಪುಟವಿನ್ಯಾಸದ ತಂತ್ರಾಂಶ) ಕಡತಗಳು ಅದರಲ್ಲಿ ಮಾತ್ರ ಅಕ್ಷರ ಜರುಗದೆ ತೆರೆದುಕೊಳ್ಳುತ್ತವೆ. ದಿನವೂ ಕಣ್ಣೆದುರು ಇರುವ ಆ ಪರದೆಗೆ ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯ ಮೇಲಿನ ಕಾವಿ ಚಿತ್ತಾರದ ರೂಪ ಕೊಡಬೇಕು, ಐಕಾನುಗಳ ಹೆಸರು ಕನ್ನಡದಲ್ಲಿರಬೇಕು, ಆದರೆ ಯಂತ್ರ ಒಂದಿಷ್ಟೂ ನಿಧಾನವಾಗಬಾರದು ಎಂಬುದು ನನ್ನ ಹಟವಾಗಿತ್ತು. 64 ಎಂಬಿ ರ‍್ಯಾಮ್ ಮೇಲೆ ಇದು ಸಾಧ್ಯವಿಲ್ಲ, ಎಕ್ಸ್‌ಪಿ ಹಾಕಿಕೊಂಡು ಸುಮ್ಮನಿರು ಎಂದು ಇದೇ ಕಸುಬಿನ ಗೆಳೆಯರೆಲ್ಲ ಹೇಳಿದರು. ಈಗ ಆ ಪರದೆ ಒಂದು ಮಳೆಗಾಲವನ್ನು ದಾಟಿದೆ, ಯಂತ್ರ ಮೊದಲಿನ ವೇಗದಲ್ಲಿಯೇ ಇದೆ, ಹಾಗೆ ಹೇಳಿದವರಲ್ಲಿ ಇಬ್ಬರು ಬಂದು ಕಡತ ಕೇಳಿ ಒಯ್ದಿದ್ದಾರೆ.

ಖರ್ಚಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಯಂತ್ರವನ್ನು ಹುಬ್ಬಳ್ಳಿಯ ಗುಜರಿಯಿಂದ ತಂದದ್ದು; ಕೀಬೋರ್ಡ್ ಸೇರಿ 1,800 ರೂಪಾಯಿ ಇರಬೇಕು. 15 ಇಂಚಿನ ಮಾನಿಟರು 700ಕ್ಕೆ ಸಿಕ್ಕಿತಾದರೂ ಮಳೆ ಹಿಡಿದ ಮೇಲೆ ತೇವಕ್ಕೆ ಅದರ ಎಲ್‌ಓಟಿ (ಹೆಚ್ಚು ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಚಟಚಟ ಎನ್ನಲು ತೊಡಗಿ, ಬದಲಿಸಲು ಮತ್ತೆ 900ರ ಹತ್ತಿರ ಹೋಯಿತು. ಇದಕ್ಕೆಲ್ಲ ನನಗೆ ಬೇಸರವಿಲ್ಲ. ಹಣ ನಿಜವಾಗಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದದ್ದು ಕಿಟಕಿಗಳಿಗೆ ಹೊಸ ಚರ್ಮ ತೊಡಿಸುವ ಒಂದು ಸ್ಕಿನ್ ತಂತ್ರಾಂಶಕ್ಕೆ 1,500ರ ಆಸುಪಾಸು ಕೊಟ್ಟಾಗ. ಅದು ಪ್ರತಿಯೊಂದು ಕಿಟಕಿಯ ಅಂಚನ್ನೂ ಗುಂಡಿಯನ್ನೂ ಚಿತ್ರವಾಗಿ ಬಿಡಿಸುತ್ತಿತ್ತು. ವಿಂಡೋಸ್ 98ರಲ್ಲಿ ಕಿಟಕಿ-ಮೆನುಗಳನ್ನು ನೋಡಿಕೊಳ್ಳುವ ಯೂಸರ್ ಮತ್ತು ಚಿತ್ರ ಬಿಡಿಸುವ ಜಿಡಿಐ ಭಾಗಗಳ 64 ಕೆಬಿ ಹೀಪುಗಳು (ಮೀಸಲು ನೆನಪಿನ ಜಾಗಗಳು), ರ‍್ಯಾಮ್ ಎಷ್ಟು ಹಾಕಿದರೂ ಹಿಗ್ಗುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತಿದೆ. ಪೇಜ್‌ಮೇಕರ್ ತೆರೆದು ನಾಲ್ಕು ಫಾಂಟು ಬಳಸುವಷ್ಟರಲ್ಲಿ ಆ ಜಾಗ ಎಷ್ಟು ಉಳಿದಿದೆ ಎಂದು ತೋರಿಸುವ ರಿಸೋರ್ಸ್ ಮೀಟರು ಶೇ. 40ರ ಕೆಳಗಿಳಿದು, ಮೆನುಗಳು ಅರ್ಧಂಬರ್ಧ ಮೂಡತೊಡಗಿದವು. ಆ ತಂತ್ರಾಂಶವನ್ನು ತೆಗೆದುಹಾಕಿ, ವಿಂಡೋಸ್ ತಾನಾಗಿ ಬಿಡಿಸುವ ಗೆರೆಗಳಿಂದಲೇ ಕಾವಿಯನ್ನು ತರಬೇಕೆಂದು ನಿಶ್ಚಯಿಸಿದೆ.

ಕಾವಿಯಲ್ಲಿರುವುದು ಎರಡೇ ಬಣ್ಣ, ಸುಣ್ಣದ ಗಾರೆಯ ಬಿಳಿ ಮತ್ತು ಕೆಮ್ಮಣ್ಣಿನ ಕೆಂಪು. ಮೇಲಿನ ಕೆಂಪು ಲೇಪವನ್ನು ಚೂಪಾದ ಮೊನೆಯಿಂದ ಕೆರೆದಾಗ ಒಳಗಿನ ಬಿಳಿ ಗೆರೆಯಾಗಿ ಕಾಣುತ್ತದೆಯೇ ಹೊರತು ಅಲ್ಲಿ ನೆರಳು ಬೆಳಕಿನ ಆಟವಿಲ್ಲ. ವಿಂಡೋಸ್ 98ರ ಗುಂಡಿಗಳು ಉಬ್ಬಿದಂತೆ ಕಾಣುವುದು ನಾಲ್ಕು ಅಂಚುಬಣ್ಣಗಳಿಂದ: ಬಟನ್ ಹೈಲೈಟ್, ಬಟನ್ ಲೈಟ್, ಬಟನ್ ಶ್ಯಾಡೋ, ಬಟನ್ ಡಾರ್ಕ್ ಶ್ಯಾಡೋ. ಡಿಸ್‌ಪ್ಲೇ ಹೊಂದಿಕೆಯ ಅಪಿಯರೆನ್ಸ್ ಪುಟದಲ್ಲಿ ಇವು ಕೈಗೆ ಸಿಗುವುದಿಲ್ಲ. ನಾವು ಗುಂಡಿಯ ಮೈಬಣ್ಣ ಕೊಟ್ಟರೆ ಉಳಿದವನ್ನು ಅದೇ ಲೆಕ್ಕಹಾಕಿ ತುಂಬಿಬಿಡುತ್ತದೆ. ಆದರೆ ಈ ಬಣ್ಣಗಳನ್ನೆಲ್ಲ ಬರೆದಿಡುವ ಥೀಮ್ ಕಡತ ಬರಿಯ ಪಠ್ಯವಾದ್ದರಿಂದ ನೋಟ್‌ಪ್ಯಾಡಿನಲ್ಲಿ ತೆರೆದು ನಾಲ್ಕಕ್ಕೂ ಬೇರೆ ಬೇರೆ ಅಂಕಿ ಕೊಡಬಹುದು. ನಾನು ಮೈಬಣ್ಣವನ್ನು ಸುಣ್ಣದ ಬಿಳಿಗೆ ತಂದು, ಹೈಲೈಟ್ ಮತ್ತು ಲೈಟ್ ಎರಡನ್ನೂ ಅದೇ ಬಿಳಿಯಲ್ಲಿ ಮುಳುಗಿಸಿ, ಡಾರ್ಕ್ ಶ್ಯಾಡೋಗೆ ಮಾತ್ರ ಕಾವಿಯ ಕೆಂಪು ಕೊಟ್ಟೆ. ಉಬ್ಬೆಲ್ಲ ಇಳಿದುಹೋಗಿ, ಪ್ರತಿಯೊಂದು ಗುಂಡಿಯ ಕೆಳಗೆ ಮತ್ತು ಬಲಕ್ಕೆ ಒಂದೊಂದು ತೆಳು ಕೆಂಪು ಗೆರೆ ಉಳಿಯಿತು. ಮೊದಲಿಗೆ ಬಟನ್ ಶ್ಯಾಡೋಗೂ ಕೆಂಪನ್ನೇ ಕೊಟ್ಟು ನೋಡಿದ್ದೆ. ಆಗ ಬಳಕೆಯಲ್ಲಿಲ್ಲದ ಟೂಲ್‌ಬಾರ್ ಗುಂಡಿಗಳು ಸಹ ಕೆಂಪಾಗಿ, ಎಲ್ಲವೂ ಎಚ್ಚರಿಕೆಯ ಚಿಹ್ನೆಯಂತೆ ಕಾಣುತ್ತಿದ್ದವು. ಅದಕ್ಕೆ ಈಗ ಮಾಸಲು ಕಂದು ಇದೆ.

ಕಿಟಕಿಯ ಅಂಚಿನ ದಪ್ಪ, ಐಕಾನುಗಳ ನಡುವಿನ ಅಂತರ ಮುಂತಾದವು ರಿಜಿಸ್ಟ್ರಿಯ (ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ಕೋಶ) ವಿಂಡೋ ಮೆಟ್ರಿಕ್ಸ್‌ನಲ್ಲಿ ಋಣಚಿಹ್ನೆಯೊಂದಿಗೆ ಟ್ವಿಪ್ ಎಂಬ ಸಣ್ಣ ಅಳತೆಯ ಲೆಕ್ಕದಲ್ಲಿರುತ್ತವೆ, 15 ಟ್ವಿಪ್‌ಗೆ ಒಂದು ಪಿಕ್ಸೆಲ್. ಐಕಾನುಗಳ ಲಂಬ ಅಂತರ ಮೂಲದಲ್ಲಿ 1125, ಅಂದರೆ 75 ಪಿಕ್ಸೆಲ್. ಒತ್ತಕ್ಷರ ಕೆಳಗಿಳಿಯುವ ಕನ್ನಡಕ್ಕೆ ಅದು ಸಾಲದು. ನನ್ನದು 1350ರ ಹತ್ತಿರ ಬಂದು ನಿಂತಿದೆ.

ಕನ್ನಡದ ಕೆಲಸವೇ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಕೇಳಿತು. ಯೂನಿಕೋಡ್ ಕನ್ನಡ ವಿಂಡೋಸ್‌ಗೆ ಬಂದದ್ದು ಎಕ್ಸ್‌ಪಿಯ ಕಾಲಕ್ಕೆ; ಆದ್ದರಿಂದ ಇಲ್ಲಿ ಹಳೆಯ ನುಡಿ ಫಾಂಟೇ ಗತಿ. ಐಕಾನಿನ ಫಾಂಟನ್ನು ನುಡಿ 01 ಇ ಮಾಡಿ, 11 ಪಾಯಿಂಟ್ ಕೊಟ್ಟು, ಕೆ.ಪಿ. ರಾವ್ ಕೀಲಿಮಣೆಯಲ್ಲಿ ಹೆಸರು ಹೊಡೆದರೆ ಅಕ್ಷರ ಮೂಡುತ್ತದೆ. ಆದರೆ ‘ಮನೆ’ ಎಂಬ ಫೋಲ್ಡರು ಮಾತ್ರ ಎಂಟರ್ ಒತ್ತಿದ ಕೂಡಲೇ ಚೂರುಚೂರಾಗುತ್ತಿತ್ತು, ‘ಕಡತ’ ಎಂಬುದು ಸರಿಯಿರುತ್ತಿತ್ತು. ಇದರ ಮೂಲ ಹುಡುಕಲು ಬಹಳ ರಾತ್ರಿಗಳು ಹೋದವು. ನುಡಿಯ ಸಂಕೇತದಲ್ಲಿ ‘ಮನೆ’ಯೊಳಗಿನ ತುಂಡುಗಳೆಲ್ಲ ಯುರೋಪಿನ ದೊಡ್ಡಕ್ಷರಗಳು ಮತ್ತು ಚಿಹ್ನೆಗಳ ಜಾಗದಲ್ಲಿ ಕುಳಿತಿವೆ. ಪೂರ್ತಿ ದೊಡ್ಡಕ್ಷರದ ಹೆಸರು ಕಂಡರೆ ಎಕ್ಸ್‌ಪ್ಲೋರರ್ ಅದನ್ನು ಚಂದಗಾಣಿಸಲು ಸಣ್ಣಕ್ಷರಕ್ಕೆ ಇಳಿಸುತ್ತದೆ, ಆ ಜಾಗಗಳಲ್ಲಿ ನುಡಿಯ ಬೇರೆಯೇ ತುಂಡುಗಳಿರುತ್ತವೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಅಲೋ ಆಲ್ ಅಪ್ಪರ್‌ಕೇಸ್ ನೇಮ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಕಾಟ ಮುಗಿಯಿತು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಹಾಗಾಗಿ ಇಷ್ಟು ಹೆಮ್ಮೆಯಿಂದ ಹೇಳುತ್ತಿದ್ದೇನೆ.

ಮೆನುವಿನ ಫಾಂಟನ್ನು ಕನ್ನಡಕ್ಕೆ ಬದಲಿಸಬೇಡಿ. ಪೇಜ್‌ಮೇಕರಿನ ಇಂಗ್ಲಿಷ್ ಮೆನುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ರೀಸೈಕಲ್ ಬಿನ್ ಹೆಸರು ಎಫ್2ರಿಂದ ಬದಲಾಗುವುದಿಲ್ಲ, ರಿಜಿಸ್ಟ್ರಿಗೆ ಇಳಿಯಬೇಕು. ಸ್ಟಾರ್ಟ್ ಗುಂಡಿಯ ಐದು ಅಕ್ಷರಗಳನ್ನು ಎಕ್ಸ್‌ಪ್ಲೋರರ್ ಕಡತದ ಪ್ರತಿಯೊಂದರಲ್ಲಿ ಹೆಕ್ಸ್ ಎಡಿಟರಿನಿಂದ (ಕಡತದ ಬೈಟುಗಳನ್ನೇ ತಿದ್ದುವ ತಂತ್ರಾಂಶ) ತಿದ್ದಿ, ಡಾಸ್‌ಗೆ ಹೋಗಿ ಬದಲಿಸಬೇಕೆಂಬುದು ಹಳಬರಿಗೆ ಗೊತ್ತು. ಶೀರ್ಷಿಕೆ ಪಟ್ಟಿಗಳ ಇಂಗ್ಲಿಷ್ ಕೆಡದಂತೆ ಆ ಗುಂಡಿಯೊಂದರಲ್ಲಿ ಮಾತ್ರ ಕನ್ನಡ ಹೇಗೆ ನಿಂತಿತು ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ; ಅಂಗಡಿಗೆ ಬಂದವರಿಗೆ ತೋರಿಸಲು ಅಡ್ಡಿಯಿಲ್ಲ.

ವಾಲ್‌ಪೇಪರಿಗೆ ಇಡೀ ಪರದೆಯ ಫೋಟೋ ಹಾಕುವ ಅಗತ್ಯವಿಲ್ಲ. ಕಾವಿಯ ಅಂಚುಪಟ್ಟಿ ಮೂಲತಃ ಒಂದೇ ಆಕೃತಿಯ ಪುನರಾವರ್ತನೆ. ಅದನ್ನು ಪೇಂಟಿನಲ್ಲಿ 64ಕ್ಕೆ 64 ಪಿಕ್ಸೆಲ್‌ನಲ್ಲಿ ಬಿಡಿಸಿ, 16 ಬಣ್ಣದ ಬಿಎಂಪಿ ಚಿತ್ರವಾಗಿ ಉಳಿಸಿ, ಟೈಲ್ ಮಾಡಿದರೆ (ಹಂಚಿನಂತೆ ಸಾಲಾಗಿ ಜೋಡಿಸಿದರೆ) ಎರಡು ಕೆಬಿ ಚಿಲ್ಲರೆಯಲ್ಲಿ ಗೋಡೆ ತುಂಬುತ್ತದೆ. 800ಕ್ಕೆ 600ರ ಪೂರ್ಣಬಣ್ಣದ ಚಿತ್ರಕ್ಕೆ 14 ಲಕ್ಷ ಬೈಟು ಬೇಕು.

ಬೂಟ್ ಪರದೆಯ ಲೋಗೋ.ಸಿಸ್ ಕಡತ ಹೆಸರು ಬದಲಿಸಿಕೊಂಡ ಬಿಎಂಪಿಯೇ: 320ಕ್ಕೆ 400 ಪಿಕ್ಸೆಲ್, 256 ಬಣ್ಣ, ಒಟ್ಟು 1,29,078 ಬೈಟು. ಪರದೆಯ ಮೇಲೆ ಅದು ಅಡ್ಡಕ್ಕೆ ಎಳೆದುಕೊಳ್ಳುವುದರಿಂದ, ಕಾವಿಯ ಚಕ್ರವನ್ನು 640ಕ್ಕೆ 480ರಲ್ಲಿ ಬಿಡಿಸಿ ನಂತರ ಕುಗ್ಗಿಸಬೇಕು. ಕಡತದಲ್ಲಿ ಮೊಟ್ಟೆಯಾಕಾರಕ್ಕೆ ಕಂಡದ್ದು ಬೂಟ್ ಆಗುವಾಗ ದುಂಡಗಾಗುತ್ತದೆ. ಪ್ಯಾಲೆಟ್ಟಿನ (ಬಣ್ಣಪಟ್ಟಿಯ) ಕೊನೆಯ ಬಣ್ಣಗಳನ್ನು ಸುತ್ತಿಸಿ ಚಕ್ರವನ್ನೇ ತಿರುಗಿಸುವ ಪ್ರಯೋಗವೂ ಅರ್ಧ ದಾರಿಯಲ್ಲಿದೆ.

ಈ ನಡುವೆ ಆರಂಭದ ಸದ್ದಿಗೆ ಬಡಗುತಿಟ್ಟು ಯಕ್ಷಗಾನದ ಚಂಡೆಯನ್ನು ಹಾಕಿದೆ. 22 ಕಿಲೋಹರ್ಟ್ಸ್, 8 ಬಿಟ್, ಮೋನೋದಲ್ಲಿ ಸೆಕೆಂಡಿಗೆ 22 ಕೆಬಿಯಂತೆ ನಾಲ್ಕು ಸೆಕೆಂಡಿಗೆ 90 ಕೆಬಿ ಆಗುತ್ತದೆ. ಚಂಡೆಯ ಪೆಟ್ಟು ಗಟ್ಟಿಯಾದ್ದರಿಂದ 8 ಬಿಟ್ ಸಾಕು. ಮದ್ದಳೆಯ ಗುಂಕಾರ ಇಳಿಯುವಾಗ ಸುಯ್ ಎಂಬ ಸದ್ದು ಎದ್ದು ಕೇಳುತ್ತದೆ, ಅದಕ್ಕೆ 16 ಬಿಟ್ಟೇ ಬೇಕು.

ಎಲ್ಲ ಮುಗಿದು, ಆಕ್ಟಿವ್ ಡೆಸ್ಕ್‌ಟಾಪ್ (ಪರದೆಯ ಮೇಲೆ ವೆಬ್ ಪುಟ ತೋರಿಸುವ ಸೌಲಭ್ಯ) ಆಫ್ ಮಾಡಿಟ್ಟ ಮೇಲೆ ರಿಸೋರ್ಸ್ ಮೀಟರು ಬೂಟ್ ಆದಾಗ ಶೇ. 85ರ ಆಸುಪಾಸಿನಲ್ಲಿ ನಿಲ್ಲುತ್ತಿದೆ. ಫಾಂಟಿನ ಅಂಚು ನಯವಾಗಿಸುವ ಸೌಲಭ್ಯಕ್ಕೆ 16 ಬಿಟ್ ಬಣ್ಣ ಬೇಕು. ಎರಡು ಎಂಬಿಯ ಡಿಸ್‌ಪ್ಲೇ ಕಾರ್ಡಿದ್ದರೆ 1024ಕ್ಕೆ 768ರವರೆಗೂ ಅದು ಸಿಗುತ್ತದೆ. ಕಾರವಾರದ ಗೆಳೆಯರೊಬ್ಬರ ಯಂತ್ರ 256 ಬಣ್ಣವನ್ನು ದಾಟುವುದಿಲ್ಲ, ಅಲ್ಲಿ ನನ್ನ ಥೀಮಿನ ಬಿಳಿ ಚುಕ್ಕಿಚುಕ್ಕಿಯಾಗಿ ಒಡೆಯಿತು. ಆ ಸ್ಥಿತಿಯಲ್ಲಿ ವಿಂಡೋಸ್ 20 ಬಣ್ಣಗಳನ್ನು ತನಗಾಗಿ ಕಾದಿರಿಸಿಕೊಂಡಿರುತ್ತದೆ, ಅವು ಮಾತ್ರ ಒಡೆಯುವುದಿಲ್ಲ. ಆ ಪಟ್ಟಿಯಲ್ಲಿ 128 0 0 (ಕೆಂಪು, ಹಸಿರು, ನೀಲಿಯ ಪ್ರಮಾಣ) ಎಂಬ ಗಾಢ ಕೆಂಪೂ ಇದೆ, 255 251 240 ಎಂಬ ಕೆನೆಬಿಳಿಯೂ ಇದೆ. ಅವೆರಡನ್ನೇ ಹಾಕಿ, ಅಲ್ಲಿ ಅಂಚು ನಯವಾಗದ್ದರಿಂದ ಐಕಾನಿನ ಫಾಂಟನ್ನು 14ಕ್ಕೆ ಏರಿಸಿ ಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಗೋಡೆಯ ಕಾವಿಗೆ ನನ್ನದಕ್ಕಿಂತ ಅವರ ಪರದೆಯೇ ಹತ್ತಿರವಾಗಿದೆ.