ಫ್ಲಾಪಿ ಡ್ರೈವ್ ಸೆಟಪ್: ಕೇಬಲ್, ಬಯೋಸ್, ಡಾಸ್, ವಿಂಡೋಸ್, ಲಿನಕ್ಸ್, ಯಾರು ಯಾರಿಗೆ ಏನ್ ಹೇಳ್ಬೇಕು

ಮೊದ್ಲು ಒಂದ್ ವಿಷ್ಯ ತಲೇಲಿ ಇಟ್ಕೊಳಿ, ಫ್ಲಾಪಿ ಡ್ರೈವ್‌ಗೆ ತಾನ್ಯಾರು ಅಂತ ಹೇಳ್ಕೊಳೋಕೆ ಬರಲ್ಲ. ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಹೆಸ್ರು, ಕಂಪನಿ, ಸೈಜು ಎಲ್ಲಾ ಒಪ್ಪಿಸ್ಬಿಡತ್ತೆ, ಹಾರ್ಡ್ ಡಿಸ್ಕೂ ಕೇಳಿದ್ರೆ ಹೇಳತ್ತೆ. ಹಳೇ 34 ಪಿನ್ ಕೇಬಲ್‌ನ ಫ್ಲಾಪಿ ಡ್ರೈವ್ ಮಾತ್ರ ಓದಿದ ಡೇಟಾ ಬಿಟ್ರೆ ಬೇರೆ ಏನೂ ಹೆಚ್ಚಿಗೆ ಹೇಳಲ್ಲ, ಹೆಡ್ (ಡಿಸ್ಕ್ ಓದೋ ತಲೆ) ಸೊನ್ನೇ ಟ್ರ್ಯಾಕ್‌ನಲ್ಲಿದ್ಯಾ (ಟ್ರ್ಯಾಕ್ ಅಂದ್ರೆ ಡಿಸ್ಕ್ ಮೇಲಿನ ಒಂದು ಉಂಗುರ), ರೈಟ್ ಪ್ರೊಟೆಕ್ಟ್ ಇದ್ಯಾ, ಡಿಸ್ಕ್ ಒಂದು ಸುತ್ತು ಬಂತಾ, ಡಿಸ್ಕ್ ಬದ್ಲಾಯ್ತಾ, ಹೆಚ್ಚು ಕಮ್ಮಿ ಇಷ್ಟೇ. 1.44 ಎಂಬಿದಾ 720 ಕೆಬಿದಾ ಅನ್ನೋದನ್ನ ಓಎಸ್‌ಗೆ (ಡಾಸ್, ವಿಂಡೋಸ್, ಲಿನಕ್ಸ್ ಥರದ ಮೂಲ ಸಾಫ್ಟ್‌ವೇರ್) ಬೇರೆ ಯಾರಾದ್ರೂ ಹೇಳ್ಬೇಕು, ಇಲ್ಲಾಂದ್ರೆ ಅದೇ ಊಹೆ ಮಾಡ್ಬೇಕು. ಫ್ಲಾಪಿ ಓದ್ತಿಲ್ಲ ಅಂದಾಗ ಎಲ್ರೂ ಡಿಸ್ಕನ್ನೇ ಬೈತಾರೆ, ಆದ್ರೆ ಓಎಸ್‌ಗೆ ಹೇಳಿರೋದಕ್ಕೂ ನಿಜವಾಗ್ಲೂ ಇರೋದಕ್ಕೂ ತಾಳೆ ಆಗ್ದೇ ಇರೋದು ತುಂಬಾ ಸಲ ಅಸಲಿ ಕಾರಣ. ಅದಕ್ಕೇ ಕೆಳಗಿಂದ ಮೇಲಕ್ಕೆ ಒಂದೊಂದೇ ನೋಡ್ಕೊಂಡು ಹೋಗಿ, ಡ್ರೈವರ್‌ಗೆ (ಓಎಸ್ ಒಳಗೆ ಡ್ರೈವ್ ನಡೆಸೋ ಸಾಫ್ಟ್‌ವೇರ್) ಕೈ ಹಾಕೋದು ಕೊನೇಗೆ.

ಕೇಬಲ್ ಮತ್ತೆ ಬಯೋಸ್

ಪಿಸಿ ಫ್ಲಾಪಿ ಕೇಬಲ್‌ನ ಮಧ್ಯದಲ್ಲಿ 10ರಿಂದ 16ರ ತನಕ ತಂತಿಗಳು ತಿರುಚಿರತ್ತೆ, ಅದೇನೂ ಡಿಫೆಕ್ಟ್ ಅಲ್ಲ. ಪಿಸಿಲಿ ಎಲ್ಲಾ ಡ್ರೈವ್‌ಗೂ ಒಂದೇ ಜಂಪರ್ (ಪಿನ್ ಮೇಲೆ ಹಾಕೋ ಪುಟ್ಟ ಕ್ಲಿಪ್) ಸೆಟ್ಟಿಂಗ್ ಇರತ್ತೆ, ತಿರುಚಿದ ಜಾಗ ದಾಟಿ ಆಚೆ ತುದೀಲಿ ಇರೋದು ಎ: ಆಗತ್ತೆ, ತಿರುಚೋಕೆ ಮುಂಚಿನ ಕನೆಕ್ಟರ್‌ನಲ್ಲಿ ಇರೋದು ಬಿ: ಆಗತ್ತೆ. ಒಂದೇ ಡ್ರೈವ್ ಇದ್ರೆ ತುದೀಗೆ ಹಾಕಿ. ಮೆಷಿನ್ ಆನ್ ಮಾಡಿದ ಕೂಡ್ಲೆ ಡ್ರೈವ್‌ನ ಲೈಟ್ ಹತ್ಕೊಂಡು ಆರದೇ ಇದ್ರೆ ಸಾಮಾನ್ಯವಾಗಿ ಕೇಬಲ್ ಉಲ್ಟಾ ಕೂತಿದೆ ಅಂತ ಅರ್ಥ, ಆಫ್ ಮಾಡಿ ತಿರುಗಿಸಿ ಹಾಕಿ. ಆ ಸ್ಥಿತೀಲಿ ಮುಖ್ಯವಾದ ಡಿಸ್ಕ್ ಒಳಗೆ ಹಾಕ್ಬೇಡಿ, ಸುಮ್ನೆ ರಿಸ್ಕ್.

ಆಮೇಲೆ ಬಯೋಸ್ (ಓಎಸ್‌ಗಿಂತ ಮುಂಚೆ ಓಡೋ, ಬೋರ್ಡ್‌ನಲ್ಲೇ ಇರೋ ಸಾಫ್ಟ್‌ವೇರ್) ಸೆಟಪ್. ಅಲ್ಲಿ ಎರಡು ಜಾಗ ನೋಡ್ಬೇಕು, ಒಂದು ಡ್ರೈವ್ ಎ, ಡ್ರೈವ್ ಬಿ ಯಾವ ಟೈಪು ಅನ್ನೋದು, ಇನ್ನೊಂದು ಬೋರ್ಡ್ ಮೇಲಿನ ಫ್ಲಾಪಿ ಕಂಟ್ರೋಲರ್ (ಡ್ರೈವ್ ನಡೆಸೋ ಚಿಪ್) ಆನ್ ಇದ್ಯಾ ಅನ್ನೋದು, ಇದು ಎಷ್ಟೋ ಬೋರ್ಡ್‌ಗಳಲ್ಲಿ ಬೇರೆ ಪೇಜಲ್ಲಿ ಇರತ್ತೆ, ಅದಕ್ಕೇ ಜನ ಮರೀತಾರೆ. ನೀವು ಅಲ್ಲಿ ಆರಿಸಿದ ಟೈಪು ಸಿಮಾಸ್ ಮೆಮೊರೀಲಿ (ಬಯೋಸ್ ಸೆಟ್ಟಿಂಗ್ ನೆನಪಿಡೋ, ಬ್ಯಾಟರಿ ಮೇಲೆ ನಡೆಯೋ ಪುಟ್ಟ ಮೆಮೊರಿ) ಹೆಕ್ಸ್ (16ರ ಲೆಕ್ಕದ ಅಂಕಿ) 10ನೇ ಜಾಗದಲ್ಲಿ ಒಂದೇ ಒಂದು ಬೈಟ್ ಆಗಿ ಕೂರತ್ತೆ, ಮೇಲಿನ ಅರ್ಧ ಎ:ಗೆ, ಕೆಳಗಿನ ಅರ್ಧ ಬಿ:ಗೆ. 1 ಅಂದ್ರೆ 360 ಕೆಬಿ, 2 ಅಂದ್ರೆ 1.2 ಎಂಬಿ, 3 ಅಂದ್ರೆ 720 ಕೆಬಿ, 4 ಅಂದ್ರೆ 1.44, 5 ಅಂದ್ರೆ 2.88, ಸೊನ್ನೆ ಅಂದ್ರೆ ಡ್ರೈವೇ ಇಲ್ಲ. ಎರಡು ಡ್ರೈವ್‌ಗೆ ಆಗೋಷ್ಟೇ ಜಾಗ. ಬ್ಯಾಟರಿ ಸತ್ತು ಸಿಮಾಸ್ ಅಳಿಸಿ ಹೋದ್ರೆ ಈ ಬೈಟೂ ಹೋಗತ್ತೆ, ಹಾಗಾಗಿ ಹಳೇ ಮೆಷಿನ್‌ನಲ್ಲಿ ನಿನ್ನೆ ತನಕ ಇದ್ದ ಎ: ಇವತ್ತು ಮಾಯ ಆದ್ರೆ ಮೊದ್ಲು ಬ್ಯಾಟರಿ ನೋಡಿ.

ಓಎಸ್ ಒಳಗೆ ಏನ್ ನಡೆಯತ್ತೆ

ಇದು ಗೊತ್ತಿದ್ರೆ ಎರರ್ ಮೆಸೇಜ್ ಓದೋದು ಸುಲಭ. ಪಿಸಿ ಫ್ಲಾಪಿ ಕಂಟ್ರೋಲರ್ ಎನ್‌ಇಸಿ 765 ಅನ್ನೋ ಚಿಪ್‌ನ ವಂಶ, 1981ರ ಐಬಿಎಂ ಪಿಸಿಯಿಂದ ಬಂದಿದ್ದು, ಆಮೇಲೆ ಇಂಟೆಲ್ 82077 ಥರದವು ಅದೇ ಕಮಾಂಡ್‌ಗಳನ್ನ ಮುಂದುವರಿಸಿದ್ವು. ಅದಕ್ಕೆ ಐಆರ್‌ಕ್ಯೂ 6 (ಕೆಲಸ ಆಯ್ತು ಅಂತ ಸಿಪಿಯುನ ಕರೆಯೋ ಇಂಟರಪ್ಟ್ ಲೈನ್), ಡಿಎಂಎ ಚಾನಲ್ 2 (ಸಿಪಿಯು ಕೈ ಹಾಕ್ದೇನೇ ಡೇಟಾನ ಮೆಮೊರಿಗೆ ಸಾಗಿಸೋ ದಾರಿ), ಪೋರ್ಟ್‌ಗಳು (ಚಿಪ್ ಜೊತೆ ಮಾತಾಡೋ ವಿಳಾಸಗಳು) ಹೆಕ್ಸ್ 3ಎಫ್0ಯಿಂದ 3ಎಫ್7. ಮಧ್ಯದ 3ಎಫ್6 ಮಾತ್ರ ಐಡಿಇ ಹಾರ್ಡ್ ಡಿಸ್ಕ್ ಕಂಟ್ರೋಲರ್‌ಗೆ ಸೇರಿದ್ದು, ಅದಕ್ಕೇ ವಿಂಡೋಸ್‌ನ ರಿಸೋರ್ಸ್ ಲಿಸ್ಟಲ್ಲಿ ಫ್ಲಾಪಿಗೆ 3ಎಫ್0-3ಎಫ್5 ಒಂದ್ಸಲ, 3ಎಫ್7 ಇನ್ನೊಂದ್ಸಲ ಅಂತ ಬಿಡಿಬಿಡಿಯಾಗಿ ಕಾಣತ್ತೆ, ಅದನ್ನ ನೋಡಿ ಗಾಬರಿ ಆಗ್ಬೇಡಿ.

ಒಂದು ಸೆಕ್ಟರ್ (ಟ್ರ್ಯಾಕ್‌ನ ಒಂದು ತುಂಡು) ಓದೋಕೆ ಡ್ರೈವರ್ ಮಾಡೋದು ಹೀಗೆ. ಮೊದ್ಲು 3ಎಫ್2ಗೆ 1ಸಿ ಅಂತ ಬರಿಯತ್ತೆ, ಆ ಒಂದು ಬೈಟಲ್ಲೇ ಎ: ಆರಿಸು, ಮೋಟರ್ ಶುರು ಮಾಡು, ಡಿಎಂಎ ಮತ್ತೆ ಇಂಟರಪ್ಟ್ ಬಿಡು, ರೀಸೆಟ್‌ನಿಂದ ಹೊರಗೆ ಬಾ ಅಂತ ಎಲ್ಲಾ ಇದೆ. ಮೋಟರ್ ಸ್ಪೀಡ್‌ಗೆ ಬರೋ ತನಕ ಕಾಯ್ಬೇಕು, ಸುಮಾರು ಅರ್ಧ ಸೆಕೆಂಡ್ ಕೊಟ್ರೆ ಸೇಫ್. 3ಎಫ್7ಗೆ ಡೇಟಾ ರೇಟ್ ಬರಿಯತ್ತೆ, 0 ಅಂದ್ರೆ ಸೆಕೆಂಡಿಗೆ 500 ಕಿಲೋಬಿಟ್, 1 ಅಂದ್ರೆ 300, 2 ಅಂದ್ರೆ 250, 3 ಅಂದ್ರೆ 1 ಮೆಗಾಬಿಟ್. ಆಮೇಲೆ ಸ್ಪೆಸಿಫೈ ಅನ್ನೋ ಕಮಾಂಡಲ್ಲಿ ಹೆಡ್ ಒಂದು ಹೆಜ್ಜೆ ಇಡೋಕೆ ಎಷ್ಟು ಟೈಮ್ ಅಂತ ಹೇಳಿ, ರೀಕ್ಯಾಲಿಬ್ರೇಟ್ ಮಾಡಿ ಹೆಡ್‌ನ ಸೊನ್ನೇ ಟ್ರ್ಯಾಕ್‌ಗೆ ಎಳ್ಕೊಂಡು ಬಂದು (ಆ ಗಡಗಡ ಸದ್ದು ಅದೇ), ಬೇಕಾದ ಟ್ರ್ಯಾಕ್‌ಗೆ ಸೀಕ್ ಮಾಡಿ, ಓದೋ ಕಮಾಂಡ್‌ನ 9 ಬೈಟ್ ಒಂದೊಂದಾಗಿ ಕೊಟ್ಟು, ಇಂಟರಪ್ಟ್ ಬಂದ್ಮೇಲೆ 7 ಬೈಟ್ ರಿಸಲ್ಟ್ ಓದ್ಕೊಳತ್ತೆ. ಡೇಟಾ ಡಿಎಂಎ ಮೂಲಕ ಸೀದಾ ಮೆಮೊರಿಗೆ ಹೋಗತ್ತೆ, ಆ ಬಫರ್ 16 ಎಂಬಿ ಒಳಗಿರ್ಬೇಕು, 64 ಕೆಬಿ ಗಡಿ ದಾಟಂಗಿಲ್ಲ. ಒಂದ್ಸಲ ಫೇಲ್ ಆದ್ರೆ ಡಿಸ್ಕ್ ಕೆಟ್ಟಿದೆ ಅಂತ ಡ್ರೈವರ್ ತೀರ್ಮಾನ ಮಾಡಲ್ಲ, ಮತ್ತೆ ಮತ್ತೆ ಟ್ರೈ ಮಾಡತ್ತೆ, ಯಾಕಂದ್ರೆ ಫ್ಲಾಪೀಲಿ ಮೊದಲ್ನೇ ಸಲ ಎಡವೋದು ಮಾಮೂಲಿ. ಕೆಲಸ ಮುಗಿದ್ಮೇಲೂ ಮೋಟರ್‌ನ ತಕ್ಷಣ ನಿಲ್ಸಲ್ಲ, ಬಯೋಸ್ ಸುಮಾರು ಎರಡು ಸೆಕೆಂಡ್ ಓಡಿಸಿ ಬಿಡತ್ತೆ, ಮುಂದಿನ ರಿಕ್ವೆಸ್ಟ್ ಬಂದ್ರೆ ಮತ್ತೆ ಕಾಯೋದು ತಪ್ಲಿ ಅಂತ.

ಈಗ ಊಹೆ ವಿಷ್ಯ. ಡ್ರೈವ್ 1.44ದು ಅಂತ ಸಿಮಾಸ್ ಹೇಳ್ತು ಅನ್ಕೊಳಿ, ಆದ್ರೆ ಒಳಗೆ ಹಾಕಿರೋ ಡಿಸ್ಕ್ 720 ಕೆಬಿದು ಆಗಿರ್ಬೋದಲ್ಲ. 1.44 ಅಂದ್ರೆ 80 ಟ್ರ್ಯಾಕ್, 2 ಹೆಡ್, 18 ಸೆಕ್ಟರ್, ತಲಾ 512 ಬೈಟ್, ಒಟ್ಟು 14,74,560 ಬೈಟ್, ರೇಟ್ 500. 720 ಅಂದ್ರೆ 9 ಸೆಕ್ಟರ್, ರೇಟ್ 250. ಓಎಸ್ ಒಂದು ರೇಟಲ್ಲಿ ಓದಕ್ಕೆ ನೋಡತ್ತೆ, ಆಗ್ಲಿಲ್ಲ ಅಂದ್ರೆ ಇನ್ನೊಂದು. ಡಿಸ್ಕ್ ಹಾಕಿದ ಮೇಲೆ ಮೊದಲ್ನೇ ಸಲ ತುಂಬಾ ಹೊತ್ತು ತಗೊಳೋದು ಇದಕ್ಕೇ.

ಡಾಸ್ ಮತ್ತೆ ವಿಂಡೋಸ್

ಡಾಸ್ ಬಯೋಸ್‌ನ ಇಂಟರಪ್ಟ್ 13 ಹೆಕ್ಸ್ (ಡಿಸ್ಕ್ ಓದೋ, ಬರೆಯೋ ಬಯೋಸ್ ಸೇವೆ) ಮೇಲೇ ನಡೆಯತ್ತೆ, ಹಾಗಾಗಿ ಬಯೋಸ್‌ಗೆ ಗೊತ್ತಿರೋದು ಡಾಸ್‌ಗೂ ಗೊತ್ತು. ಹಳೇ ಬಯೋಸ್‌ಗೆ 3.5 ಇಂಚು ಗೊತ್ತೇ ಇಲ್ಲ ಅಂದ್ರೆ ಕಾನ್ಫಿಗ್.ಸಿಸ್ (ಡಾಸ್ ಶುರುವಾಗೋವಾಗ ಓದೋ ಸೆಟ್ಟಿಂಗ್) ಫೈಲಲ್ಲಿ ಡ್ರೈವ್‌ಪಾರ್ಮ್ ಅನ್ನೋ ಸಾಲು ಹಾಕ್ಬೇಕು. /ಡಿ:0 ಅಂದ್ರೆ ಎ:, /ಡಿ:1 ಅಂದ್ರೆ ಬಿ:, /ಎಫ್ ಆದ್ಮೇಲೆ ಬರೋ ನಂಬರ್ ಟೈಪು. ಇಲ್ಲೊಂದು ಕಿರಿಕ್ ಇದೆ, ಈ ನಂಬರ್‌ಗಳು ಸಿಮಾಸ್ ನಂಬರ್‌ಗಳಲ್ಲ: ಡಾಸ್‌ನಲ್ಲಿ 0 ಅಂದ್ರೆ 360, 1 ಅಂದ್ರೆ 1.2, 2 ಅಂದ್ರೆ 720, 7 ಅಂದ್ರೆ 1.44, 9 ಅಂದ್ರೆ 2.88. ಒಂದರ ಟೇಬಲ್ ನೋಡಿ ಇನ್ನೊಂದಕ್ಕೆ ಹಾಕಿದ್ರೆ ಕಥೆ ಮುಗೀತು. /ಸಿ ಸೇರಿಸಿದ್ರೆ ಡ್ರೈವ್‌ಗೆ ಡಿಸ್ಕ್ ಬದ್ಲಾಗಿದ್ದನ್ನ ಹೇಳೋ ಲೈನ್ ಇದೆ ಅಂತ ಅರ್ಥ. ಇರೋ ಡ್ರೈವ್‌ಗೆ ಇನ್ನೊಂದು ಅಕ್ಷರ ಬೇಕು ಅಂದ್ರೆ ಡ್ರೈವರ್.ಸಿಸ್ ಇದೆ, ಅದಕ್ಕೂ ಇದೇ ಸ್ವಿಚ್‌ಗಳು.

ವಿಂಡೋಸ್ 98ರಲ್ಲಿ ನೋಡೋಕೆ ಇರೋದು ಒಂದೇ, ಸಿಸ್ಟಮ್ ಪ್ರಾಪರ್ಟೀಸ್‌ನ ಪರ್ಫಾರ್ಮೆನ್ಸ್ ಪೇಜಲ್ಲಿ ಫೈಲ್ ಸಿಸ್ಟಮ್ ಒತ್ತಿ ಫ್ಲಾಪಿ ಟ್ಯಾಬ್‌ಗೆ ಹೋಗಿ, ಪ್ರತೀ ಸಲ ಸ್ಟಾರ್ಟ್ ಆಗೋವಾಗ ಹೊಸ ಫ್ಲಾಪಿ ಡ್ರೈವ್ ಹುಡುಕು ಅನ್ನೋ ಟಿಕ್ ತೆಗೀರಿ, ಬೂಟ್ ಸ್ವಲ್ಪ ಬೇಗ ಆಗತ್ತೆ. ವಿಂಡೋಸ್ 2000, ಎಕ್ಸ್‌ಪಿ ಕಡೆ ಬಂದ್ರೆ ಕಂಟ್ರೋಲರ್‌ಗೆ ಎಫ್‌ಡಿಸಿ.ಸಿಸ್, ಡ್ರೈವ್‌ಗೆ ಎಫ್‌ಎಲ್‌ಪಿವೈಡಿಸ್ಕ್.ಸಿಸ್ ಅಂತ ಎರಡು ಡ್ರೈವರ್, ಅದಕ್ಕೇ ಡಿವೈಸ್ ಮ್ಯಾನೇಜರ್‌ನಲ್ಲೂ ಎರಡು ಎಂಟ್ರಿ. ಕಂಟ್ರೋಲರ್ ಇದೆ ಡ್ರೈವ್ ಇಲ್ಲ ಅಂದ್ರೆ ಬಯೋಸ್‌ನಲ್ಲಿ ಟೈಪು ಹಾಕಿಲ್ಲ, ಎರಡೂ ಇಲ್ಲ ಅಂದ್ರೆ ಕಂಟ್ರೋಲರೇ ಆಫ್, ಹೆಚ್ಚಿನ ಸಲ ಹೀಗೇ ಇರತ್ತೆ.

ಲಿನಕ್ಸ್: ಇಲ್ಲಿ ಕೈಗೆ ಸಿಗೋದು ಜಾಸ್ತಿ

ನನ್ನ ಕೇಳಿದ್ರೆ ಹಳೇ ಡಿಸ್ಕ್‌ಗಳ ರಾಶಿ ಓದೋಕೆ ಕೂತಿದ್ರೆ ಲಿನಕ್ಸೇ ಸರಿ, ಯಾಕಂದ್ರೆ ಊಹೆ ತಪ್ಪಿದಾಗ ತಿದ್ದೋಕೆ ಬಿಡತ್ತೆ. ಮಾಡ್ಯೂಲ್ (ಲಿನಕ್ಸ್‌ಗೆ ಬೇಕಾದಾಗ ಸೇರಿಸೋ ಡ್ರೈವರ್) ಹೆಸ್ರು ಫ್ಲಾಪಿ ಅಂತಲೇ, ರೂಟ್ (ಅಡ್ಮಿನ್) ಆಗಿ ಮಾಡ್‌ಪ್ರೋಬ್ ಫ್ಲಾಪಿ ಅಂತ ಕೊಟ್ಟು ಡಿಮೆಸೆಜ್ (ಲಿನಕ್ಸ್ ಒಳಗಿನ ಮೆಸೇಜ್ ತೋರಿಸೋ ಕಮಾಂಡ್) ನೋಡಿ, ಎಫ್‌ಡಿ0 ಈಸ್ 1.44ಎಂ ಅನ್ನೋ ಥರದ ಸಾಲು ಬರ್ಬೇಕು. ಅದು ಡ್ರೈವ್‌ನ ಕೇಳಿ ಹೇಳಿದ್ದಲ್ಲ, ಸಿಮಾಸ್ ಓದಿ ಹೇಳಿದ್ದು, ನೆನಪಿರ್ಲಿ. ಬಯೋಸ್ ತಪ್ಪು ಹೇಳ್ತಿದ್ರೆ ಮಾಡ್ಯೂಲ್‌ಗೆ ಫ್ಲಾಪಿ=0,4,ಸಿಮಾಸ್ ಅಂತ ಕೊಡಿ, ಸೊನ್ನೇ ಡ್ರೈವ್ ಟೈಪ್ 4 ಅಂತ ಬಲವಂತವಾಗಿ ಹೇಳಿದ ಹಾಗೆ.

ಡಿಸ್ಕ್ ಬದ್ಲಾಯಿಸಿದ್ರೂ ಹಿಂದಿನ ಡಿಸ್ಕ್‌ನ ಫೈಲ್ ಲಿಸ್ಟೇ ಬರ್ತಿದ್ಯಾ? ಇದು ಎಲ್ಲಕ್ಕಿಂತ ಡೇಂಜರ್. ಪಿನ್ 34ರಲ್ಲಿ ಬರೋ ಡಿಸ್ಕ್ ಬದ್ಲಾದ ಸಿಗ್ನಲ್ ಓಎಸ್‌ಗೆ ಸಿಗ್ತಿಲ್ಲ, ಅದು ಕ್ಯಾಶ್‌ನಲ್ಲಿ (ಮುಂಚೆ ಓದಿ ಮೆಮೊರೀಲಿ ಇಟ್ಕೊಂಡಿದ್ದು) ಇರೋದನ್ನೇ ತೋರಿಸ್ತಿದೆ. ಆ ಸ್ಥಿತೀಲಿ ಏನಾದ್ರೂ ಬರೆದ್ರೆ ಹಳೇ ಡಿಸ್ಕ್‌ನ ಫ್ಯಾಟ್ ಟೇಬಲ್ (ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ) ಹೊಸ ಡಿಸ್ಕ್ ಮೇಲೆ ಕೂತು ಡೇಟಾ ಹೋಗತ್ತೆ. ಮೊದ್ಲು ಕೇಬಲ್ ಬದ್ಲಾಯಿಸಿ, ಡ್ರೈವ್ ಮೇಲಿನ ಜಂಪರ್ ನೋಡಿ, ಆಗ್ಲಿಲ್ಲ ಅಂದ್ರೆ ಫ್ಲಾಪಿ=ಬ್ರೋಕನ್_ಡಿಸಿಎಲ್ ಅನ್ನೋ ಆಪ್ಷನ್ ಹಾಕಿ, ಆಗ ಡಿವೈಸ್ ತೆರೆದಾಗೆಲ್ಲಾ ಡಿಸ್ಕ್ ಬದ್ಲಾಗಿದೆ ಅಂತಲೇ ಡ್ರೈವರ್ ಅನ್ಕೊಳತ್ತೆ. ಥಿಂಕ್‌ಪ್ಯಾಡ್‌ಗಳಲ್ಲಿ ಈ ಸಿಗ್ನಲ್ ಉಲ್ಟಾ, ಅದಕ್ಕೆ ಫ್ಲಾಪಿ=ಥಿಂಕ್‌ಪ್ಯಾಡ್ ಅಂತ ಬೇರೆ ಆಪ್ಷನ್ನೇ ಇದೆ.

ಸುಮ್ನೆ /ಡೆವ್/ಎಫ್‌ಡಿ0 ತೆರೆದ್ರೆ ಡ್ರೈವರ್ ತಾನೇ ಫಾರ್ಮ್ಯಾಟ್ ಹುಡುಕತ್ತೆ. ಅದು ಗೊಂದಲ ಮಾಡ್ಕೊಂಡ್ರೆ /ಡೆವ್/ಎಫ್‌ಡಿ0ಯು720 ಥರ ಫಾರ್ಮ್ಯಾಟ್ ಹೆಸರಲ್ಲೇ ಇರೋ ಡಿವೈಸ್ ಬಳಸಿ, ನಿಮ್ಮ ಸಿಸ್ಟಮ್‌ನಲ್ಲಿ ಅದು ಇಲ್ಲಾಂದ್ರೆ ಎಫ್‌ಡಿಯುಟಿಲ್ಸ್ ಪ್ಯಾಕೇಜ್ ಹಾಕ್ಕೊಂಡು ಸೆಟ್‌ಎಫ್‌ಡಿಪಿಆರ್‌ಎಂ ಮೂಲಕ 9 ಸೆಕ್ಟರ್, 80 ಟ್ರ್ಯಾಕ್ ಅಂತ ನೀವೇ ಹೇಳಿ. ಅದೇ ಪ್ಯಾಕೇಜಲ್ಲಿರೋ ಫ್ಲಾಪಿಕಂಟ್ರೋಲ್‌ನಿಂದ ಯಾವ ಕ್ರಮದಲ್ಲಿ ಊಹೆ ಮಾಡ್ಬೇಕು ಅನ್ನೋದನ್ನೂ ಬದ್ಲಾಯಿಸ್ಬೋದು. ಒಂದು ಎಚ್ಚರ, 2022ರಿಂದ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು) ಫ್ಲಾಪಿಗೆ ನೇರ ಕಮಾಂಡ್ ಕಳಿಸೋ ಸೌಲಭ್ಯ ಡೀಫಾಲ್ಟ್ ಆಗಿ ಆಫ್, ಹಾಗಾಗಿ ಹೊಸ ಕರ್ನಲ್‌ನಲ್ಲಿ ಸೂಪರ್‌ಫಾರ್ಮ್ಯಾಟ್ (ಅದೇ ಪ್ಯಾಕೇಜಿನ ಫಾರ್ಮ್ಯಾಟ್ ಮಾಡೋ ಪ್ರೋಗ್ರಾಂ) ಕೈ ಕೊಟ್ರೆ ಡ್ರೈವ್‌ನ ಬೈಬೇಡಿ, ಎಫ್‌ಡಿಫಾರ್ಮ್ಯಾಟ್ ಬಳಸಿ. ಎಫ್‌ಡಿಫಾರ್ಮ್ಯಾಟ್ ಟ್ರ್ಯಾಕ್ ಮತ್ತೆ ಸೆಕ್ಟರ್ ಗುರುತು ಮಾತ್ರ ಹಾಕತ್ತೆ, ಫೈಲ್ ಸಿಸ್ಟಮ್‌ಗೆ ಆಮೇಲೆ ಎಂಕೆಎಫ್‌ಎಸ್.ಫ್ಯಾಟ್ ಬೇರೆ ಕೊಡ್ಬೇಕು. ಡಾಸ್‌ನ ಫಾರ್ಮ್ಯಾಟ್ ಎರಡನ್ನೂ ಒಟ್ಟಿಗೇ ಮಾಡತ್ತೆ.

ಹಳೇ ಡಿಸ್ಕ್ ಆದ್ರೆ ಮೌಂಟ್ ಮಾಡೋಕೇ ಹೋಗ್ಬೇಡಿ. ರೈಟ್ ಪ್ರೊಟೆಕ್ಟ್ ಹಾಕಿ (3.5 ಇಂಚಲ್ಲಿ ತೂತು ತೆರೆದಿದ್ರೆ ಪ್ರೊಟೆಕ್ಟ್, 5.25ರಲ್ಲಿ ಕಚ್ಚು ಮುಚ್ಚಿದ್ರೆ ಪ್ರೊಟೆಕ್ಟ್, ಒಂದಕ್ಕೊಂದು ಉಲ್ಟಾ), ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕ್‌ನಿಂದ ಆದಷ್ಟು ಓದಿ ತೆಗೆಯೋ ಪ್ರೋಗ್ರಾಂ) ಮೂಲಕ ಇಡೀ ಡಿಸ್ಕ್‌ನ ಇಮೇಜ್ (ಒಂದೇ ಫೈಲಲ್ಲಿ ಪೂರ್ತಿ ನಕಲು) ತಗೊಳಿ, 1.44ದಾದ್ರೆ ಸೈಜು ಮೇಲೆ ಹೇಳಿದ 14,74,560 ಬಂತಾ ನೋಡಿ, ಆಮೇಲೆ ಎಂಟೂಲ್ಸ್‌ನ ಎಂಡಿಐಆರ್, ಎಂಕಾಪಿ ಇಟ್ಕೊಂಡು ಇಮೇಜ್ ಒಳಗಿಂದ ಫೈಲ್ ತೆಗೀರಿ. 1.2 ಎಂಬಿ ಡ್ರೈವ್‌ನಲ್ಲಿ 360 ಕೆಬಿ ಡಿಸ್ಕ್ ಓದ್ಬೋದು, ಆದ್ರೆ ಬರೀಬೇಡಿ, ಅದರ ಹೆಡ್ ಸಣ್ಣದು, ಹಳೇ ಅಗಲದ ಟ್ರ್ಯಾಕ್‌ನ ಅಂಚು ಹಾಗೇ ಉಳ್ಕೊಂಡು ಅಸಲಿ 360 ಡ್ರೈವ್‌ಗೆ ಓದೋಕೆ ಆಗಲ್ಲ. ಅಮಿಗಾ ಡಿಸ್ಕ್, ಹಳೇ ಮ್ಯಾಕ್‌ನ 800 ಕೆಬಿ ಡಿಸ್ಕ್ ಇದ್ರೆ ಯಾವ ಸೆಟ್ಟಿಂಗ್ ಹಾಕಿದ್ರೂ ಪಿಸಿ ಕಂಟ್ರೋಲರ್‌ನಿಂದ ಆಗೋ ಕೆಲಸ ಅಲ್ಲ, ಗ್ರೀಸ್‌ವೀಸಲ್ ಥರದ, ಡಿಸ್ಕ್‌ನ ಕಚ್ಚಾ ಸಿಗ್ನಲ್ಲನ್ನೇ ಓದೋ ಬೋರ್ಡ್ ಬೇಕು.

ಯುಎಸ್‌ಬಿ ಫ್ಲಾಪಿ ಡ್ರೈವ್ ಇರೋರಿಗೆ ಇದ್ಯಾವ್ದೂ ಲೆಕ್ಕಕ್ಕಿಲ್ಲ, ಕಂಟ್ರೋಲರ್ ಅದರೊಳಗೇ ಇದೆ. ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಹಾಗೆ ಎಸ್‌ಡಿಬಿ ಥರದ ಹೆಸರಲ್ಲಿ ಕಾಣತ್ತೆ, ಎಫ್‌ಡಿಫಾರ್ಮ್ಯಾಟ್ ನಡೆಯಲ್ಲ, ಯುಎಫ್‌ಐಫಾರ್ಮ್ಯಾಟ್ ಬೇಕು. 1.44, 720 ಬಿಟ್ಟು ವಿಚಿತ್ರ ಫಾರ್ಮ್ಯಾಟ್‌ಗಳ ಆಸೆ ಬಿಟ್ಬಿಡಿ.

ಡ್ರೈವೇ ಇಲ್ದೇ ಇರೋರಿಗೂ ಒಂದು ಮಾತಿದೆ. ವರ್ಚುವಲ್ ಮೆಷಿನ್‌ನಲ್ಲಿ (ಸಾಫ್ಟ್‌ವೇರ್ ಒಳಗೆ ಓಡೋ ಕಂಪ್ಯೂಟರ್) ಬೂಟ್ ಆಗೋವಾಗ ಎಫ್‌ಡಿ0, ಸೆಕ್ಟರ್ 0, ಐ/ಒ ಎರರ್ ಅಂತ ಸಾಲುಸಾಲು ಬರ್ತಿದ್ರೆ ಅಲ್ಲೂ ಇದೇ ಕಥೆ, ವರ್ಚುವಲ್ ಬಯೋಸ್ ಫ್ಲಾಪಿ ಇದೆ ಅಂತ ಹೇಳ್ತಿದೆ, ಒಳಗೆ ಡಿಸ್ಕ್ ಇಲ್ಲ. ವರ್ಚುವಲ್ ಬಯೋಸ್‌ನಲ್ಲಿ ಡ್ರೈವ್ ಎ ತೆಗೀರಿ, ಮೆಷಿನ್ ಸೆಟ್ಟಿಂಗ್ಸ್‌ನಿಂದ ಫ್ಲಾಪಿ ಡಿವೈಸೂ ತೆಗೀರಿ, ಗೆಸ್ಟ್ (ವರ್ಚುವಲ್ ಮೆಷಿನ್‌ನ ಓಎಸ್) ಒಳಗೆ ಫ್ಲಾಪಿ ಮಾಡ್ಯೂಲ್‌ನ ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರೂಲೇ ಲೋಡ್ ಆಗೋ ಫೈಲ್ ಕಟ್ಟು) ಮತ್ತೆ ಕಟ್ಟಿ. ಅಂದ ಹಾಗೆ 2015ರಲ್ಲಿ ವೆನಮ್ ಅಂತ ದೊಡ್ಡ ಸುದ್ದಿ ಆಗಿದ್ದು ಕ್ಯೂಇಎಂಯು (ವರ್ಚುವಲ್ ಮೆಷಿನ್ ನಡೆಸೋ ಸಾಫ್ಟ್‌ವೇರ್) ಒಳಗಿನ ಇದೇ ವರ್ಚುವಲ್ ಫ್ಲಾಪಿ ಕಂಟ್ರೋಲರ್‌ನ ತೂತು, 2004ರಿಂದ ಅಲ್ಲೇ ಇತ್ತು, ಕಮಾಂಡ್ ಬೈಟ್‌ಗಳನ್ನ ಇಟ್ಕೊಳೋ ಬಫರ್ ತುಂಬಿ ಆಚೆ ಚೆಲ್ಲೋ ಹಾಗೆ ಮಾಡ್ಬೋದಿತ್ತು. ಡ್ರೈವ್ ಸೇರಿಸಿಲ್ಲ ಅಂದ್ರೂ ಎಷ್ಟೋ ಕಡೆ ಕಂಟ್ರೋಲರ್ ಕೋಡ್ ಒಳಗೆ ಇದ್ದೇ ಇತ್ತು, ಹಾಗಾಗಿ ಹೋಸ್ಟ್‌ನ (ಅಸಲಿ ಮೆಷಿನ್‌ನ) ಕ್ಯೂಇಎಂಯು ಹಳೇದಿದ್ರೆ ಅದನ್ನ ಅಪ್‌ಡೇಟ್ ಮಾಡ್ಕೊಳಿ, ಬರೀ ಡ್ರೈವ್ ತೆಗೆದ್ರೆ ಸಾಲಲ್ಲ.