ಎಕ್ಸ್‌ಎಂನಿಂದ ಎಕ್ಸ್‌ಎಲ್‌ಗೆ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಕೂತು ಬ್ಯಾಡಗಿಯ ದಲಾಲಿ ಅಂಗಡಿಗಳ ಲೆಕ್ಕದ ಸರ್ವರ್ ನೋಡಿಕೊಳ್ಳುತ್ತೇನೆ. ಒಂದೇ ಮಷಿನ್‌ನೊಳಗೆ ಹಲವು ವರ್ಚುವಲ್ ಕಂಪ್ಯೂಟರ್ (ಗೆಸ್ಟ್) ಓಡಿಸುವ ಸಾಫ್ಟ್‌ವೇರ್ ಝೆನ್. ಎರಡು ಮಷಿನ್, ಎರಡೂ ಡೆಬಿಯನ್ 7 ಲಿನಕ್ಸ್‌ನ ಝೆನ್ 4.1ರಲ್ಲೇ ನಿಂತಿದ್ದವು. ಗೆಸ್ಟ್‌ಗಳನ್ನು ನೋಡಿಕೊಳ್ಳುವ ಹಿನ್ನೆಲೆ ಪ್ರೋಗ್ರಾಂ ಝೆಂಡ್ ಮತ್ತು ಅದಕ್ಕೆ ಆಜ್ಞೆ ಕೊಡುವ ಎಕ್ಸ್‌ಎಂ ಕಮಾಂಡನ್ನು 2015ರ ಝೆನ್ 4.5ರಲ್ಲಿ ತೆಗೆದೇ ಹಾಕಿದರು. ಮುಂದೆ ಹೋಗಬೇಕೆಂದರೆ ಅದರ ಜಾಗಕ್ಕೆ ಬಂದ ಎಕ್ಸ್‌ಎಲ್ ಕಲಿಯಲೇಬೇಕು, ಅಲ್ವಾ? ಗೆಳೆಯರು "ಆಗೋ ಕೆಲಸ ಅಲ್ಲ, ಸುಮ್ನೆ ಕೆವಿಎಂ ಹಾಕು" ಅಂದರು. ಝೆನ್ ಥರದ್ದೇ ಇನ್ನೊಂದು ವ್ಯವಸ್ಥೆಯಾದ ಕೆವಿಎಂಗೆ ಹೊಸ ಸರ್ವರ್ ಸೇರಿಸಿ ಬಂದ ಕೊಟೇಶನ್ 2.5 ಲಕ್ಷದ ಹತ್ತಿರ. ನನಗೆ ಖರ್ಚಾಗಿದ್ದು 18 ಸಾವಿರದ ಆಸುಪಾಸು, ಜಾಸ್ತಿ ಹೋಗಿದ್ದು ಎಸ್‌ಎಸ್‌ಡಿಗೆ.

ಹಳೆ ಕಮಾಂಡನ್ನು ಒಮ್ಮೆಲೇ ಕೀಳಲಿಲ್ಲ. ಅದೇ ಹೆಸರಿನ ಶೆಲ್ ಸ್ಕ್ರಿಪ್ಟ್ ಕೂರಿಸಿದೆ. ಯಾರು ಎಕ್ಸ್‌ಎಂ ಕರೆದರೂ ಕರೆದ ಪ್ರೋಗ್ರಾಂ (ಪೇರೆಂಟ್ ಪ್ರೋಸೆಸ್) ಸಮೇತ ಲಾಗ್‌ಗೆ ಒಂದು ಸಾಲು ಬರೆದು, ಆಮೇಲೆ ಅಸಲಿ ಎಕ್ಸ್‌ಎಂಗೆ ದಾಟಿಸುತ್ತಿತ್ತು. ಮೆಣಸಿನಕಾಯಿ ಸೀಸನ್ ಪೂರ್ತಿ ಹಾಗೇ ಓಡಿಸಿದೆ. ಯಾರಿಗೂ ನೆನಪಿಲ್ಲದ ಬ್ಯಾಕಪ್ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ಸಿಕ್ಕಿತು. ಕರೆಂಟ್ ಹೋಗಿ ಬ್ಯಾಟರಿ ಇಳಿದಾಗ ಮಾತ್ರ ಓಡುವ ಯುಪಿಎಸ್ ಸ್ಕ್ರಿಪ್ಟೂ ಸಿಕ್ಕಿತು.

ಸೀಸನ್ ಮುಗಿದ ಮೇಲೆ ಟೆಸ್ಟ್ ಮಷಿನ್‌ನಲ್ಲಿ ಝೆನ್ 4.8 ಹಾಕಿದೆ. ನೆಟ್‌ವರ್ಕೇ ಇಲ್ಲ. ಗೆಸ್ಟ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಬ್ರಿಡ್ಜನ್ನು ಝೆಂಡ್ ಕಟ್ಟಿಕೊಡುತ್ತಿತ್ತು, ಎಕ್ಸ್‌ಎಲ್ ಕಟ್ಟುವುದಿಲ್ಲ. ಇಂಟರ್‌ಫೇಸಸ್ ಫೈಲಿನಲ್ಲಿ ನಾವೇ ಬರೆಯಬೇಕು. ಹಳೆ ಕಾನ್ಫಿಗ್‌ಗಳಲ್ಲಿ ಪೈಥಾನ್ ಇಂಪೋರ್ಟು, ಇಫ್ಫು ಎಲ್ಲ ಇದ್ದವು. ಎಕ್ಸ್‌ಎಲ್ ಅದನ್ನು ಓದುವುದೇ ಇಲ್ಲ. ಒಮ್ಮೆ ಓಡಿಸಿ, ಬಂದ ವ್ಯಾಲ್ಯೂಗಳನ್ನು ನೇರವಾಗಿ ಬರೆದಿಟ್ಟೆ. ಎಕ್ಸ್‌ಎಂ ಸ್ಟಾರ್ಟ್ ಅಂದರೆ ಎಕ್ಸ್‌ಎಲ್ ಕ್ರಿಯೇಟ್ ಆಗುವಂತೆ ಸ್ಕ್ರಿಪ್ಟನ್ನೂ ತಿದ್ದಿದೆ.

ನಿಜವಾಗಿ ಕಾಡಿದ್ದು ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್. ಝೆಂಡ್ ತನ್ನಲ್ಲಿ ನೋಂದಾಯಿಸಿದ ಗೆಸ್ಟ್‌ನ ಯುಯುಐಡಿ (ಆ ಗೆಸ್ಟ್‌ನದೇ ಗುರುತಿನ ನಂಬರ್) ಕಾಪಾಡುತ್ತಿತ್ತು. ಎಕ್ಸ್‌ಎಲ್‌ಗೆ ಕಾನ್ಫಿಗ್‌ನಲ್ಲಿ ಯುಯುಐಡಿ, ಮ್ಯಾಕ್ ಎರಡೂ ಕೊಡದಿದ್ದರೆ ಪ್ರತಿ ಸಲ ಹೊಸದು. 00:16:3e ಅನ್ನುವ ಮೊದಲ ಭಾಗ ಅದೇ, ಉಳಿದ ಮೂರು ಜೋಡಿ ಬೇರೆ. ವಿಂಡೋಸ್ ಗೆಸ್ಟ್ ಹೊಸ ಕಾರ್ಡ್ ಬಂತು ಅಂದುಕೊಂಡಿತು, ಲೆಕ್ಕದ ಸಾಫ್ಟ್‌ವೇರ್ ಮತ್ತೆ ಲೈಸೆನ್ಸ್ ಕೇಳಿತು. ಅದನ್ನು ಎಬ್ಬಿಸಿಕೊಳ್ಳಲು 4 ಸಾವಿರ ಕೈಬಿಟ್ಟಿತು. ಈಗ ಎಲ್ಲ ಕಾನ್ಫಿಗ್‌ನಲ್ಲೂ ಎರಡನ್ನೂ ಬರೆದಿದ್ದೇನೆ. ಝೆಂಡ್ ಸತ್ತಿದ್ದ ಮಷಿನ್‌ನಿಂದ ಹಳೆ ಯುಯುಐಡಿಗಳನ್ನು ಹೇಗೆ ತೆಗೆದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

  

ಎರಡು ಮಷಿನ್‌ಗಳನ್ನೂ ಭಾನುವಾರ ರಾತ್ರಿ ಬದಲಾಯಿಸಿದೆ. ಸೋಮವಾರ ಬೆಳಿಗ್ಗೆ ಅಂಗಡಿಯವರು ಎಂದಿನಂತೆ ಬಿಲ್ ಹಾಕಿದರು, ಒಂದು ಫೋನೂ ಬರಲಿಲ್ಲ. ಲಾಗ್‌ನಲ್ಲಿ ಎರಡು ತಿಂಗಳು ಒಂದೂ ಸಾಲು ಬರದಿದ್ದಾಗ ಸ್ಕ್ರಿಪ್ಟನ್ನೂ ಅಳಿಸಿದೆ. ಕೆವಿಎಂ ಹಾಕು ಅಂದವರಲ್ಲಿ ಇಬ್ಬರು ಆ ಸ್ಕ್ರಿಪ್ಟ್ ಕೇಳಿ ಇಸಿದುಕೊಂಡು ಹೋದರು.